ಕಿತ್ತಳೆ ಹಣ್ಣು, ಉಷ್ಟ್ರಪಕ್ಷಿ ಮತ್ತು ಒಂದು ಮಾರ್ಕ್ಸ್ ಕಾರ್ಡು

ಮೊನ್ನೆ ಶನಿವಾರ ರಾತ್ರಿ ಒಂದು ಕೊರಿಯನ್ ಸಿನಿಮಾ ನೋಡಿದೆ. ಹೆಸರು 'ಕಿಲ್ಲಿಂಗ್ ರೊಮಾನ್ಸ್'. 2023ರ ಏಪ್ರಿಲ್‌ನಲ್ಲಿ ಬಂದಿದ್ದು. ಮೊದಲ ಇಪ್ಪತ್ತು ನಿಮಿಷ ಇದೇನು ಹುಚ್ಚರ ಸಂತೆ ಅಂತ ಅನ್ನಿಸಿದ್ದು ನಿಜ. ರಿಮೋಟ್ ಕೈಯಲ್ಲೇ ಇತ್ತು, ಇನ್ನೇನು ಒತ್ತಬೇಕು... ಅಷ್ಟರಲ್ಲಿ ಗಂಡ ಹೆಂಡತಿಯ ಮೇಲೆ ಕಿತ್ತಳೆ ಹಣ್ಣು ಎಸೆದ. ರಿಮೋಟ್ ಕೆಳಗಿಟ್ಟೆ.

ಕತೆ ಹೇಳಿಬಿಡ್ತೀನಿ, ಕೊನೆ ಮಾತ್ರ ಹೇಳಲ್ಲ. ಹೆದರಬೇಡಿ :-)

ಹ್ವಾಂಗ್ ಯೊ-ರೆ ಅಂತ ಒಬ್ಬ ಸಿನಿಮಾ ತಾರೆ. ಇಡೀ ಕೊರಿಯಾ ಕುಣಿದು ಕೊಂಡಾಡಿದವಳು. ಆದರೆ ಅಭಿನಯ ಅಷ್ಟಕ್ಕಷ್ಟೆ. ಒಂದು ವೈಜ್ಞಾನಿಕ ಚಿತ್ರದಲ್ಲಿ ಎಷ್ಟು ಕೆಟ್ಟದಾಗಿ ನಟಿಸುತ್ತಾಳೆಂದರೆ ಊರಿಗೆ ಊರೇ ಆಡಿಕೊಂಡು ನಗುತ್ತದೆ. ಆ ಅವಮಾನ ತಾಳಲಾರದೆ ದಕ್ಷಿಣ ಪೆಸಿಫಿಕ್‌ನ 'ಕ್ವಾಲ್ಲಾ' ಅನ್ನೋ ಕಾಲ್ಪನಿಕ ದ್ವೀಪಕ್ಕೆ ಓಡಿಹೋಗುತ್ತಾಳೆ. ಅಲ್ಲಿ ಜೋನಾಥನ್ ಅನ್ನೋ ಆಗರ್ಭ ಶ್ರೀಮಂತ ಸಿಗುತ್ತಾನೆ. ಪ್ರೀತಿ, ಮದುವೆ, ಸಿನಿಮಾಕ್ಕೆ ಶಾಶ್ವತ ವಿದಾಯ. ಏಳು ವರ್ಷದ ನಂತರ ದಂಪತಿ ಕೊರಿಯಾಕ್ಕೆ ವಾಪಸ್ ಬರುತ್ತಾರೆ. ಅಷ್ಟರಲ್ಲಿ ಆಕೆ ಹೆಂಡತಿಯಾಗಿ ಉಳಿದಿಲ್ಲ, ಷೋಕೇಸಿನ ಗೊಂಬೆಯಾಗಿದ್ದಾಳೆ. ಏನು ತಿನ್ನಬೇಕು, ಏನು ಉಡಬೇಕು, ಯಾರ ಹತ್ತಿರ ಎಷ್ಟು ನಗಬೇಕು, ಎಲ್ಲ ಅವನದೇ ತೀರ್ಮಾನ. ಮತ್ತೆ ನಟಿಸುತ್ತೇನೆ ಅಂದರೆ ಇಲ್ಲ.

ಪಕ್ಕದ ಮನೆಯಲ್ಲಿ ಬಮ್-ವೂ ಅಂತ ಒಬ್ಬ ಹುಡುಗ. ಅವನ ಮನೆಯವರೆಲ್ಲ ಸೋಲ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಓದಿದವರು. ಇವನು ಮಾತ್ರ ವರ್ಷ ವರ್ಷ ಪ್ರವೇಶ ಪರೀಕ್ಷೆ ಬರೆದು ವರ್ಷ ವರ್ಷ ಡುಮ್ಕಿ. ಅಲ್ಲಿ ಆ ಪರೀಕ್ಷೆ ಅಂದರೆ ನಮ್ಮ ಸಿಇಟಿಗಿಂತ ಹತ್ತು ಪಟ್ಟು ಗಲಾಟೆ. ನವೆಂಬರಿನಲ್ಲಿ ನಡೆಯುವ ಆ ಒಂದು ದಿನ ಇಂಗ್ಲಿಷ್ ಕೇಳಿ ಬರೆಯುವ ಭಾಗ ನಡೆಯುವಾಗ ವಿಮಾನಗಳ ಹಾರಾಟವನ್ನೂ ನಿಲ್ಲಿಸುತ್ತಾರೆ! ಈ ಹುಡುಗ ಯೊ-ರೆಯ ಹಳೇ ಅಭಿಮಾನಿ. ತನ್ನ ದೇವತೆ ಪಕ್ಕದ ಮನೆಯಲ್ಲೇ ಇದ್ದಾಳೆ, ಅದೂ ಪಂಜರದಲ್ಲಿ ಇದ್ದಾಳೆ ಅಂತ ಗೊತ್ತಾದಾಗ ಇಬ್ಬರೂ ಸೇರಿ ಒಂದು ನಿರ್ಧಾರಕ್ಕೆ ಬರುತ್ತಾರೆ.

ಗಂಡನನ್ನು ಮುಗಿಸಿಬಿಡೋಣ.

ಇಲ್ಲಿಂದ ಮುಂದೆ ಹಾಡು, ಕುಣಿತ, ಹೊಗೆಯಾಡುವ ಜಿಮ್‌ಜಿಲ್‌ಬಾಂಗ್, ಒಂದು ಉಷ್ಟ್ರಪಕ್ಷಿ... ಜಿಮ್‌ಜಿಲ್‌ಬಾಂಗ್ ಅಂದರೆ ಕೊರಿಯಾದವರ ಸಾರ್ವಜನಿಕ ಬಿಸಿಕೋಣೆ. ಮನೆಮಂದಿಯೆಲ್ಲ ಹೋಗಿ, ಕಾದ ನೆಲದ ಮೇಲೆ ಮಲಗಿ ಬೆವರು ಹರಿಸಿ, ಮೊಟ್ಟೆ ತಿಂದು ರಾತ್ರಿಯೆಲ್ಲ ಕಳೆದು ಬರುವ ಜಾಗ. ಅಂಥ ಸಂಸಾರಸ್ಥರ ಜಾಗದಲ್ಲಿ ಕೊಲೆಯ ಸ್ಕೆಚ್ಚು! ಉಷ್ಟ್ರಪಕ್ಷಿಯ ವಿಷಯ ಹೇಳಲ್ಲ, ನೋಡಿಯೇ ತಿಳಿಯಿರಿ.

ನಿರ್ದೇಶಕ ಲೀ ವೊನ್-ಸಕ್. 2013ರಲ್ಲಿ ಗಂಡಸರನ್ನು ಪಳಗಿಸುವ ಗುಟ್ಟುಗಳ ಬಗ್ಗೆ ಒಂದು ತಮಾಷೆ ಚಿತ್ರ, 2014ರಲ್ಲಿ 'ದಿ ರಾಯಲ್ ಟೈಲರ್' ಅನ್ನೋ ಅರಮನೆ ದರ್ಜಿಯ ಕತೆ ಮಾಡಿದವರು. ಆಮೇಲೆ ಹೆಚ್ಚುಕಮ್ಮಿ ಒಂಬತ್ತು ವರ್ಷ ಬಿಟ್ಟು ಇದು. ನಾಯಕಿ ಲೀ ಹನಿ 2006ರ ಮಿಸ್ ಕೊರಿಯಾ. ನಮ್ಮ ವೀಣೆಯ ದೂರದ ನೆಂಟನಂತಿರುವ ಗಯಾಗಮ್ ಅನ್ನೋ ತಂತಿವಾದ್ಯವನ್ನು ಶಾಸ್ತ್ರೋಕ್ತವಾಗಿ ಕಲಿತಾಕೆ. ಇಲ್ಲಿ ಕೆಟ್ಟ ನಟಿಯ ಪಾತ್ರವನ್ನು ಬಹಳ ಒಳ್ಳೆಯದಾಗಿ ನಟಿಸಿದ್ದಾಳೆ! ಪಕ್ಕದ ಮನೆ ಹುಡುಗನಾಗಿ ಗಾಂಗ್ ಮ್ಯುಂಗ್. ಇವರಿಬ್ಬರೂ 2019ರಲ್ಲಿ 'ಎಕ್ಸ್‌ಟ್ರೀಮ್ ಜಾಬ್'ನಲ್ಲಿ ಜೊತೆಗಿದ್ದರು. ಪೊಲೀಸರು ಮಫ್ತಿಯಲ್ಲಿ ಕೋಳಿ ಹೋಟೆಲ್ ನಡೆಸುವ ಆ ಚಿತ್ರಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಟಿಕೆಟ್ ಹೋಗಿತ್ತು. ಇದಕ್ಕೆ ಎರಡು ಲಕ್ಷವೂ ಮುಟ್ಟಲಿಲ್ಲ. ತೋಪು. ಆದರೆ ನೋಡಿದ ಸ್ವಲ್ಪ ಜನ ಬಿಡಲಿಲ್ಲ. ಥಿಯೇಟರಿನಲ್ಲಿ ಪ್ರೇಕ್ಷಕರೇ ಜೊತೆಗೂಡಿ ಹಾಡುವ ವಿಶೇಷ ಪ್ರದರ್ಶನಗಳಾದವು.

ಇನ್ನು ಗಂಡ. ಲೀ ಸನ್-ಕ್ಯುನ್. 'ಪ್ಯಾರಸೈಟ್' ನೋಡಿದ್ದರೆ ಅದರ ಶ್ರೀಮಂತ ಯಜಮಾನ ಪಾರ್ಕ್ ನೆನಪಿರಬೇಕು, ಅವರೇ. ಇಲ್ಲಿ ಮೀಸೆ, ಚಿತ್ರವಿಚಿತ್ರ ಬಟ್ಟೆ, ಮಾತುಮಾತಿಗೆ ರಾಗವಾಗಿ "ಇಟ್ಸ್ ಗುಡ್" ಅನ್ನೋ ಚಟ. ಆ ಗಂಭೀರ, ಬೆಣ್ಣೆಯಂಥ ದನಿಯನ್ನೇ ಅವರು ಇಲ್ಲಿ ತಾವೇ ಗೇಲಿ ಮಾಡಿಕೊಂಡಿದ್ದಾರೆ. ಅದೇ ವರ್ಷ ಡಿಸೆಂಬರ್ 27ರಂದು ಅವರು ತೀರಿಕೊಂಡರು, ಬರೀ 48 ವರ್ಷ. ಅದು ಗೊತ್ತಿದ್ದು ನೋಡುವಾಗ ನಗುವಿನ ಮಧ್ಯೆ ಎಲ್ಲೋ ಚುಳ್ ಅನ್ನುತ್ತದೆ.

ಈ ಜೋನಾಥನ್‌ನ ಅಸ್ತ್ರ ಎರಡು. ಒಂದು ಕಿತ್ತಳೆ, ನಮ್ಮ ಕೊಡಗಿನ ಕಿತ್ತಳೆಯಂತೆ ಸುಲಭವಾಗಿ ಸಿಪ್ಪೆ ಬಿಡುವ ಸಣ್ಣ ಹಣ್ಣು. ಹೆಂಡತಿ ಎದುರು ಮಾತಾಡಿದರೆ ಅದನ್ನು ತೆಗೆದು ಅವಳ ಮೇಲೆ ಎಸೆಯುತ್ತಾನೆ. ಇನ್ನೊಂದು ಹಾಡು. ಎಚ್.ಓ.ಟಿ. ಅಂತ ಕೊರಿಯಾದ ಹಳೇ ತಲೆಮಾರಿನ ಹುಡುಗರ ತಂಡ, 1996ರಲ್ಲಿ ಶುರುವಾಗಿದ್ದು. ಅವರ 1997ರ ಜನಪ್ರಿಯ ಹಾಡಿನ ಹೆಸರೇ 'ಸುಖ'. ಈ ಮನುಷ್ಯ ಅದನ್ನು ಹಾಡುತ್ತಾ ಹಾಡುತ್ತಾ ಹೆಂಡತಿಯನ್ನು ಸುಖವಾಗಿರುವಂತೆ ಬಲವಂತ ಮಾಡುತ್ತಾನೆ! ಅದಕ್ಕೆ ಎದುರಾಗಿ ಆಕೆಗೂ ಒಂದು ಹಾಡು ಕೊಟ್ಟಿದ್ದಾರೆ, ಗಾಯಕ ರೇನ್ 2008ರಲ್ಲಿ ಹಾಡಿದ 'ರೇನಿಸಂ' ಅನ್ನು ಅವಳ ಹೆಸರಿಗೆ ತಿರುಗಿಸಿ 'ಯೊರೆಇಸಂ' ಅಂತ. ಗಂಡನ ಹಾಡಿಗೆ ಹೆಂಡತಿಯ ಹಾಡು.

ಕಿತ್ತಳೆಗೆ ನಾನು ನಕ್ಕೆ. ನಗು ಗಂಟಲಲ್ಲೇ ನಿಂತಿತು. ಯಾಕೆ ಅಂದರೆ...

ನಮ್ಮ ದೊಡ್ಡಪ್ಪನ ಮಗಳೊಬ್ಬಳಿದ್ದಾಳೆ. ನನಗಿಂತ ಆರು ವರ್ಷ ದೊಡ್ಡವಳು. ಅಕ್ಕ ಅಂತಲೇ ಇಟ್ಟುಕೊಳ್ಳಿ, ನಾನು ಹಾಗೇ ಕರೆಯೋದು. ಡಿಗ್ರಿ ಮುಗಿಸಿ ಬಿ.ಎಡ್ ಮಾಡಿದ್ದಳು. ಮದುವೆಯಾದ ಮೇಲೆ ಒಂದು ದಿನವೂ ಕೆಲಸಕ್ಕೆ ಹೋಗಲಿಲ್ಲ. ಭಾವ ಬಹಳ ಸಜ್ಜನ ಅಂತ ನಮ್ಮ ಕಡೆಯವರಿಗೆಲ್ಲ ಹೆಮ್ಮೆ. ಕುಡಿಯಲ್ಲ, ಸೇದಲ್ಲ, ದನಿ ಏರಿಸಲ್ಲ. ಮನೆಗೆ ಹೋದರೆ ಅವರೇ ಕಾಫಿ ತಂದುಕೊಡುತ್ತಿದ್ದರು. ಫೋನ್ ಮಾಡಿದರೆ ಅವರೇ ಎತ್ತುತ್ತಿದ್ದರು. "ಕೊಡ್ತೀನಿ ಇರಿ" ಅಂತ ಅಕ್ಕನಿಗೆ ಕೊಟ್ಟು ಪಕ್ಕದಲ್ಲೇ ನಿಲ್ಲುತ್ತಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸೀರೆ ಅವರೇ ಆರಿಸುತ್ತಿದ್ದರು. ನಮ್ಮ ಹೆಂಗಸರೆಲ್ಲ "ಎಂಥಾ ಪುಣ್ಯ ಮಾಡಿದ್ದೀಯೇ" ಅಂತ ಹೊಟ್ಟೆಕಿಚ್ಚು ಪಡುತ್ತಿದ್ದರು. ದಿನಸಿ ದುಡ್ಡನ್ನು ಎಣಿಸಿ ಕೊಟ್ಟು, ಸಂಜೆ ಚೀಟಿ ಹಿಡಿದು ಲೆಕ್ಕ ಕೇಳುತ್ತಿದ್ದರು, ಎರಡು ರೂಪಾಯಿ ವ್ಯತ್ಯಾಸ ಬಂದರೆ ಮೂರು ದಿನ ಮಾತು ಬಿಡುತ್ತಿದ್ದರು ಅನ್ನೋದು ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಸಲ ಯಾರದ್ದೋ ಗೃಹಪ್ರವೇಶದಲ್ಲಿ ಸಿಕ್ಕಾಗ ಅಕ್ಕ ಹಿತ್ತಲಿಗೆ ಕರೆದುಕೊಂಡು ಹೋಗಿ, "ನಂಗೆ ಅಲ್ಲಿರಕ್ಕೆ ಆಗ್ತಿಲ್ಲ ಕಣೋ" ಅಂದಳು.

ನಾನು ಕೇಳಿದ ಮೊದಲ ಪ್ರಶ್ನೆ, "ಹೊಡೀತಾರಾ?"

"ಇಲ್ಲ."

"ಮತ್ತಿನ್ನೇನು?"

ಅವಳು ನನ್ನ ಮುಖ ನೋಡಿದಳು. "ಏನಿಲ್ಲ ಬಿಡು, ಊಟಕ್ಕೆ ಎಲೆ ಹಾಕಿದಾರೆ" ಅಂತ ಒಳಗೆ ಹೋದಳು.

ಆ 'ಮತ್ತಿನ್ನೇನು' ಅನ್ನೋ ಒಂದು ಮಾತು ಇವತ್ತಿಗೂ ನನಗೆ ಹುಳಿ ತೇಗಿನ ಥರ ಮೇಲೆ ಬರುತ್ತಿರುತ್ತದೆ. ಅವತ್ತು ನಾನೇನೂ ದಡ್ಡನಲ್ಲ, ಪೇಪರ್ ಓದುತ್ತಿದ್ದೆ. ನಮ್ಮ ದೇಶದ ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರದ್ದು, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ದುಡ್ಡು ಕೊಡದೆ ಆಟ ಆಡಿಸುವ ಹಿಂಸೆ ಎಲ್ಲವನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಅದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಲ್ಲಿ ಬಂದದ್ದು ಊರಿನ ಪ್ರಶ್ನೆಯೇ. ಕಾನೂನು ಓದಿದರೆ ಕಣ್ಣು ಬರಲ್ಲ ನೋಡಿ.

ಕೊರಿಯಾದಲ್ಲೂ ಇದೇ ರಾಮಾಯಣ. ಅಲ್ಲಿ ಕೌಟುಂಬಿಕ ದೌರ್ಜನ್ಯದ ಕಾನೂನು ಆಗಿದ್ದು 1997ರಲ್ಲಿ, ಜಾರಿಗೆ ಬಂದಿದ್ದು 1998ರಲ್ಲಿ. ಮೈಗೆ, ಮನಸ್ಸಿಗೆ, ಆಸ್ತಿಗೆ ಆಗುವ ಕೇಡು ಮೂರೂ ಅದರಲ್ಲಿವೆ. ಆದರೆ ಕಾನೂನಿನ ಉದ್ದೇಶ ಹೇಳುವ ಕಡೆ ಕುಟುಂಬದ ಶಾಂತಿಯನ್ನು ಮತ್ತೆ ತರುವುದು ಅಂತ ಬರುತ್ತದೆ. ಅಲ್ಲಿನ ಮಹಿಳಾ ಸಂಘಟನೆಗಳ ತಕರಾರು ಅದೇ. ಮೊದಲು ಹೆಂಗಸನ್ನು ಕಾಪಾಡಿ, ಕುಟುಂಬದ ಶಾಂತಿ ಆಮೇಲೆ ನೋಡೋಣ ಅಂತ. ಗಂಡಸನ್ನೇ ಮನೆಯ ಮುಖ್ಯಸ್ಥ ಅಂತ ದಾಖಲೆಯಲ್ಲಿ ಬರೆಯುವ 'ಹೋಜು' ಪದ್ಧತಿ ಅಲ್ಲಿ ಪೂರ್ತಿ ಹೋಗಿದ್ದೇ 2008ರಲ್ಲಿ! ಇನ್ನು ಏಟೇ ಬೀಳದ ಈ ಥರದ ಹಿಡಿತಕ್ಕೆ ಇವಾನ್ ಸ್ಟಾರ್ಕ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 2007ರಲ್ಲಿ ಒಂದು ಪುಸ್ತಕವನ್ನೇ ಬರೆದ. ಇಂಗ್ಲೆಂಡಿನಲ್ಲಿ 2015ರ ಕಾಯ್ದೆ ಅದನ್ನೊಂದು ಪ್ರತ್ಯೇಕ ಅಪರಾಧ ಮಾಡಿತು.

ಅದಿರಲಿ. ಅಕ್ಕನ ಕತೆಗೆ ಬರ್ತೀನಿ.

ಆ ಗೃಹಪ್ರವೇಶ ಆಗಿ ಎರಡು ವರ್ಷದ ಮೇಲೆ ನನ್ನ ಆಫೀಸಿನ ವಿಳಾಸಕ್ಕೆ ಒಂದು ಕೊರಿಯರ್ ಬಂತು. ತೆಗೆದು ನೋಡಿದರೆ ಅಕ್ಕನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಡಿಗ್ರಿ, ಬಿ.ಎಡ್ ಸರ್ಟಿಫಿಕೇಟು. ಚೀಟಿ ಇಲ್ಲ, ಏನಿಲ್ಲ. ನಾಲ್ಕು ದಿನ ಬಿಟ್ಟು ಪಕ್ಕದ ಮನೆಯವರ ಮೊಬೈಲಿನಿಂದ ಫೋನ್ ಮಾಡಿದಳು. "ಬಂತೇನೋ?" "ಬಂತು, ಇದ್ಯಾಕೆ ನಂಗೆ ಕಳಿಸಿದೀಯ, ನಿಮ್ಮನೇಲಿ ಬೀರು ಇಲ್ವಾ?" ಅಂತ ತಮಾಷೆ ಮಾಡಿದೆ ನಾನು. "ಇರ್ಲಿ ಬಿಡೋ, ಇಲ್ಲಿ ಗೆದ್ದಲು" ಅಂದಳು. ನಂಬಿದೆ! ಬೆಪ್ಪ ಅಂದರೆ ಬೆಪ್ಪ ನಾನು.

ಹತ್ತು ತಿಂಗಳು ಆ ಕಾಗದಗಳು ನನ್ನ ಟೇಬಲ್ ಡ್ರಾದಲ್ಲಿದ್ದವು. ಆಮೇಲೆ ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಯಿತು. ನೋಡಿಕೊಳ್ಳಲಿಕ್ಕೆ ಅಂತ ಅಕ್ಕ ತವರಿಗೆ ಬಂದಳು. ದೊಡ್ಡಮ್ಮ ಎದ್ದು ಓಡಾಡಿದರೂ ಅಕ್ಕ ವಾಪಸ್ ಹೋಗಲಿಲ್ಲ. ಬಸ್ ಹತ್ತಿ ನಮ್ಮನೆಗೆ ಬಂದು, "ಕೊಡೋ ನನ್ನ ಕಾರ್ಡು" ಅಂದಳು. ಅವತ್ತಷ್ಟೇ ನನಗೆ ಅರ್ಥವಾಗಿದ್ದು. ಈಗ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ವಿಚ್ಛೇದನ ಕೋರ್ಟಿನಲ್ಲಿ ಮೂರು ವರ್ಷ ಎಳೆದು ಮುಗಿಯಿತು. ನಮ್ಮ ಕಡೆಯವರಲ್ಲಿ ಅರ್ಧ ಜನ ಇವತ್ತಿಗೂ ಅವಳ ಹತ್ತಿರ ಸರಿಯಾಗಿ ಮಾತಾಡಲ್ಲ. ಅಷ್ಟು ಒಳ್ಳೇ ಮನುಷ್ಯನನ್ನು ಬಿಟ್ಟು ಬಂದಳಲ್ಲಾ ಅಂತ.

ಸಿನಿಮಾ ನೋಡಿದ ಮಾರನೇ ದಿನ ಭಾನುವಾರ ಅಕ್ಕ ಮನೆಗೆ ಬಂದಿದ್ದಳು. ತೋರಿಸಲೋ ಬೇಡವೋ ಅಂತ ಬೆಳಗ್ಗೆಯಿಂದ ಒದ್ದಾಡಿ ಕೊನೆಗೆ ಹಾಕಿದೆ. ಇಂಗ್ಲಿಷ್ ಸಬ್‌ಟೈಟಲ್ ಓದಲಿಕ್ಕೆ ಕನ್ನಡಕ ಹಾಕಿಕೊಂಡು ಕಾಲು ಚಾಚಿ ಕೂತಳು. ಕಿತ್ತಳೆ ಬಂದಾಗ ನಾನು ಕಳ್ಳನ ಥರ ಅವಳ ಮುಖ ನೋಡುತ್ತಿದ್ದೆ. ಅವಳೋ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ! ಕಣ್ಣಲ್ಲಿ ನೀರು ಬರುವಷ್ಟು. ಗಂಡ ಆ ಸುಖದ ಹಾಡು ಶುರುಮಾಡಿದಾಗ ಮಾತ್ರ ಸುಮ್ಮನಾದಳು. "ನೋಡು, ಇದು ಸರಿಯಾಗಿ ತೋರಿಸಿದಾನೆ" ಅಂದಳು. ಅಷ್ಟೇ.

ಕೊಲೆಯ ಸ್ಕೆಚ್ಚು ನಡೆಯುವಾಗ ನಾನು ಕೇಳಿದೆ, "ಅಲ್ಲ ಅಕ್ಕ, ಇವಳು ಸುಮ್ನೆ ಎದ್ದು ಹೋಗಬಾರದಾ? ಕೊಲ್ಲೋದು ಯಾಕೆ?"

"ನಂಗೂ ಅನ್ನಿಸ್ತಿತ್ತು ಕಣೋ" ಅಂದಳು, ಟಿವಿಯಿಂದ ಕಣ್ಣು ತೆಗೆಯದೆ.

"ಏನು?"

"ಬಚ್ಚಲಲ್ಲಿ ಕಾಲು ಜಾರಿ ಬೀಳ್ಲಿ ದೇವ್ರೇ ಅಂತ ದಿನಾ ಕೇಳ್ಕೋತಿದ್ದೆ. ಆಮೇಲೆ ನಾನೇ ಹೋಗಿ ಸೋಪಿನ ನೀರು ಒರೆಸಿ ಬರ್ತಿದ್ದೆ."

ಇಬ್ಬರೂ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಬಿದ್ದು ಬಿದ್ದು ನಕ್ಕೆವು. ಒಳಗಿಂದ ನನ್ನ ಹೆಂಡತಿ ಏನಾಯ್ತು ಅಂತ ಓಡಿಬಂದಳು.

ಇಂಥ ಕತೆಯನ್ನು ಕೊರಿಯಾದವರು ಯಾಕೆ ಇಷ್ಟು ಬಣ್ಣಬಣ್ಣವಾಗಿ, ಅಜ್ಜಿಕತೆಯ ಥರ, ಹಾಡು ಕುಣಿತ ಹಾಕಿ ಮಾಡಿದರು ಅಂತ ಹಿಂದಿನ ರಾತ್ರಿ ನನಗೆ ಅನ್ನಿಸಿತ್ತು. ಗಂಭೀರವಾಗಿ ಮಾಡಬಹುದಿತ್ತಲ್ಲ? ಅಕ್ಕ ನಗುವುದನ್ನು ನೋಡಿದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ. ಗಂಭೀರವಾಗಿ ಹೇಳಿದಾಗ, ಅದೇ ಹಿತ್ತಲಿನಲ್ಲಿ, ನಾನು ಕೇಳಿಸಿಕೊಂಡಿರಲಿಲ್ಲ. ಹಣ್ಣು ಎಸೆದರೆ ಮೈಮೇಲೆ ಬರೆ ಬೀಳಲ್ಲ, ಯಾರಿಗೂ ತೋರಿಸಲು ಏನೂ ಇರಲ್ಲ. ದೂರು ಕೊಟ್ಟರೆ ಹಣ್ಣು ಎಸೆದಿದ್ದಕ್ಕೆಲ್ಲ ಯಾರಮ್ಮ ಬರ್ತಾರೆ ಅಂತ ನಗುತ್ತಾರೆ. ನಗುವ ಆ ಜನರಲ್ಲಿ ನಾನೂ ಒಬ್ಬ. ಈ ಸಿನಿಮಾ ಮೊದಲು ನಮ್ಮನ್ನು ನಗಿಸಿಯೇ ಆಮೇಲೆ ಹಿಡಿದುಕೊಳ್ಳುತ್ತದೆ.

ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳಲಾರೆ. ಮಧ್ಯೆ ಎಳೆದಿದ್ದಾರೆ, ಕೆಲವು ತಮಾಷೆ ಕೊರಿಯಾದವರಿಗೆ ಮಾತ್ರ ಅರ್ಥವಾಗುವಂಥದ್ದು. ಆದರೆ ಅರ್ಧಕ್ಕೆ ಬಿಡಬೇಡಿ. ಉಷ್ಟ್ರಪಕ್ಷಿಗೋಸ್ಕರವಾದರೂ ನೋಡಿ.

ಹೊರಡುವಾಗ ಅಕ್ಕನಿಗೆ ಬ್ಯಾಗಿನಲ್ಲಿ ನಾಲ್ಕು ಕಿತ್ತಳೆ ಹಾಕಿಕೊಟ್ಟೆ. ಬಸ್ ಸ್ಟಾಪಿನಲ್ಲಿ ಒಂದನ್ನು ತೆಗೆದು ನನ್ನ ಕಡೆಗೆ ಎಸೆಯುವ ಹಾಗೆ ಕೈ ಎತ್ತಿದಳು. ನಾನು ಬಗ್ಗಿದೆ. ಆಮೇಲೆ ಸಿಪ್ಪೆ ಸುಲಿದು ಅರ್ಧ ನನಗೆ ಕೊಟ್ಟಳು. ಬಸ್ ಬರುವವರೆಗೂ ತಿಂದುಕೊಂಡು ನಿಂತಿದ್ದೆವು. ಸ್ವಲ್ಪ ಹುಳಿ ಇತ್ತು.