ಬಾಣಂತಿ ಕೋಣೆ

ಕರೆಂಟು ಹೋದರೆ ಏನು ಮಾಡಬೇಕೆಂದು ನಮ್ಮ ತುಮಕೂರು ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೋಗುವ ಮೊದಲೇ ಚಟ್ನಿ ರುಬ್ಬಿಕೊಳ್ಳುವುದು, ಮೋಟಾರು ಹಾಕಿ ತೊಟ್ಟಿ ತುಂಬಿಸಿಕೊಳ್ಳುವುದು, ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಮೇಣದ ಬತ್ತಿ, ಬೆಂಕಿಪೊಟ್ಟಣ ಒಂದೇ ಕಡೆ ಇಡುವುದು, ಇವೆಲ್ಲ ನಮಗೆ ರಂಗೋಲಿ ಹಾಕಿದಷ್ಟೇ ರೂಢಿ. ಮಳೆ ಕೈಕೊಟ್ಟ 2023ರಲ್ಲಿ, ದಸರೆಯ ಹೊತ್ತಿಗೆ ಲೋಡ್ ಶೆಡ್ಡಿಂಗ್ ಮತ್ತೆ ಬಂದಾಗ, ಯು.ಪಿ.ಎಸ್. ಇದ್ದ ಮನೆಯವರೂ ಹಳೆಯ ಪಾಠಗಳನ್ನೆಲ್ಲ ನೆನಪು ಮಾಡಿಕೊಂಡರು. ಲಿಂಗನಮಕ್ಕಿಯಲ್ಲಿ ನೀರಿಳಿದರೆ ನಮ್ಮ ಮನೆಯ ಮಿಕ್ಸಿ ನಿಲ್ಲುತ್ತದೆಂಬ ಭೂಗೋಳ ನಮಗೆ ಬಾಯಿಪಾಠ.

ಆದರೆ ಕರೆಂಟು ಹೋದ ಮನೆಯ ಸುತ್ತ ಹಿಮ ಬಿದ್ದಿದ್ದರೆ? ಅದನ್ನು ನಾವು ಕಂಡದ್ದು ಫೋನಿನಲ್ಲೇ, 2021ರ ಫೆಬ್ರವರಿಯಲ್ಲಿ.

ಕುಣಿಗಲ್ಲಿನ ನಮ್ಮಕ್ಕನ ಮಗಳು ಆಗ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿನಲ್ಲಿದ್ದಳು. ಮಡಿಲಲ್ಲಿ ಎಂಟು ತಿಂಗಳ ಕೂಸು. ಅದು ಬಿಸಿಲಿನ ಊರು. ಮನೆಗಳನ್ನು ಕಟ್ಟಿರುವುದೂ ಸೆಕೆಗೆ ತಕ್ಕಂತೆಯೇ. ಅಲ್ಲಿ ಅರ್ಧ ಅಡಿ ಹಿಮ ಬಿತ್ತು. ಚಳಿ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ ಹೋಯಿತು. 15ನೇ ತಾರೀಕು ಸೋಮವಾರ ಅವರ ನಡುರಾತ್ರಿ ಕಳೆದ ಮೇಲೆ, ಅಂದರೆ ನಾವಿಲ್ಲಿ ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ, ಕರೆಂಟು ಕಡಿತ ಶುರುವಾಯಿತು. ಮನೆ ಬೆಚ್ಚಗಾಗುವುದೂ ಕರೆಂಟಿನಿಂದ, ಒಲೆ ಉರಿಯುವುದೂ ಕರೆಂಟಿನಿಂದ. ಅವಳ ಫೋನಿನಲ್ಲಿ ಅರ್ಧದಷ್ಟೂ ಚಾರ್ಜ್ ಇರಲಿಲ್ಲ.

ಯಾಕೆ ಹೀಗಾಯಿತೆಂದು ಆಮೇಲೆ ಓದಿ ತಿಳಿದುಕೊಂಡೆ. ಚಳಿಗೆ ಗ್ಯಾಸಿನ ಬಾವಿ, ಕೊಳವೆಗಳು ಹೆಪ್ಪುಗಟ್ಟಿದವು, ಕರೆಂಟು ತಯಾರಿಸುವ ಯಂತ್ರಗಳು ನಿಂತವು. ಗ್ಯಾಸನ್ನು ಕಳಿಸುವ ಯಂತ್ರಗಳಲ್ಲಿ ಕೆಲವಕ್ಕೆ ಕರೆಂಟೇ ಇಲ್ಲವಾಯಿತು. ಟೆಕ್ಸಾಸಿನ ವಿದ್ಯುತ್ ಜಾಲ ಬಹುಪಾಲು ಒಂಟಿ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕೈಗಡ ತರಲೂ ಬಾಗಿಲಿಲ್ಲದಂಥ ಸಂಸಾರ. ನಮ್ಮ ದಕ್ಷಿಣದ ಜಾಲವೂ ಹಿಂದೆ ಬೇರೆಯಾಗಿಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನಿಂದ ದೇಶದ ಜಾಲಕ್ಕೆ ಸೇರಿತು. ಅಲ್ಲಿ ಇನ್ನು 4 ನಿಮಿಷ 37 ಸೆಕೆಂಡು ಕಳೆದಿದ್ದರೆ ಇಡೀ ಜಾಲವೇ ಕುಸಿಯುತ್ತಿತ್ತಂತೆ. ಒಲೆಯ ಮೇಲಿನ ಹಾಲು ಉಕ್ಕಲು ಅಷ್ಟು ಸಾಕು.

ಆ ಹೊತ್ತಿಗೆ ನಮಗೆ ಇದ್ಯಾವುದೂ ಬೇಕಿರಲಿಲ್ಲ. ಕೂಸು ಬೆಚ್ಚಗಿರಬೇಕಿತ್ತು, ಅಷ್ಟೆ. ತುಮಕೂರಿನಿಂದ ನಾನು, ಕುಣಿಗಲ್ಲಿನಿಂದ ಅಕ್ಕ, ಗುಬ್ಬಿಯ ತವರಿನಿಂದ ಅಮ್ಮ, ಮೂವರೂ ಒಂದೇ ಕರೆಯಲ್ಲಿ ಸೇರಿಕೊಂಡೆವು. ಅಮ್ಮನ ಕಿವಿಗೆ ಫೋನು ಹಿಡಿದವರು ಅತ್ತಿಗೆ. ಅಕ್ಕ ಅಳುತ್ತಲೇ, "ಹಿತ್ತಲಲ್ಲಿ ಇದ್ದಿಲ ಒಲೆ ಇದೆಯಲ್ಲೇ, ನಾಲ್ಕು ಕೆಂಡ ಮಾಡಿ ಒಳಗೆ ತಂದಿಟ್ಟುಕೊಳ್ಳೇ" ಅಂದಳು. ಚಳಿಗೆ ನಡುಗುವ ಮೊಮ್ಮಗುವನ್ನು ನೆನೆಸಿಕೊಂಡ ಯಾವ ಅಜ್ಜಿಯಾದರೂ ಅದನ್ನೇ ಹೇಳಿಯಾಳು.

"ಕೆಂಡ ಒಳಗೆ ತರಬ್ಯಾಡ!" ಎಂಬತ್ತು ದಾಟಿದ ಅಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಮ್ಮನ ಕಾಲದ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರುತ್ತಿತ್ತು, ನಿಜ. ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಬಾಗಿಲು ಓರೆಯಾಗಿರುತ್ತಿತ್ತು, ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕೂರುತ್ತಿದ್ದರು. ಅಮ್ಮ ಹುಡುಗಿಯಾಗಿದ್ದಾಗ ಅವರ ಬೀದಿಯಲ್ಲೇ ಕದ ಬಿಗಿಯಾಗಿ ಹಾಕಿ ಮಲಗಿದ್ದ ಬಾಣಂತಿಯೂ ಕೂಸೂ ಬೆಳಿಗ್ಗೆ ಏಳಲಿಲ್ಲವಂತೆ. "ಹೊಗೆ ಹೋದ ಮೇಲೂ ಕೆಂಡ ಉಸಿರು ತಿನ್ನುತ್ತೆ ಕಣಮ್ಮ" ಅಂದರು. ಆ ವಿಷಗಾಳಿಯ ಹೆಸರು ಕಾರ್ಬನ್ ಮಾನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ. ಟೆಕ್ಸಾಸಿನಲ್ಲಿ ಆ ಚಳಿಗೆ 246 ಜನ ಸತ್ತರೆಂದು ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. ಅವರಲ್ಲಿ ಕೆಲವರು ಚಳಿಗೆ ಸತ್ತವರಲ್ಲ, ಮನೆಯೊಳಗೆ ಇದ್ದಿಲು ಉರಿಸಿಯೋ ಮುಚ್ಚಿದ ಶೆಡ್ಡಿನಲ್ಲಿ ಕಾರು ಚಾಲೂ ಇಟ್ಟೋ ಈ ಗಾಳಿಗೆ ಬಲಿಯಾದವರು.

ಕೆಂಡ ಬೇಡವೆಂದ ಅಮ್ಮನೇ ಬೇರೆ ದಾರಿಯನ್ನೂ ಹೇಳಿದರು. "ಬಾಣಂತಿ ಕೋಣೆ ಮಾಡ್ಕೋ. ಮನೆಯಲ್ಲಿ ಚಿಕ್ಕ ರೂಮು ಯಾವುದೋ ಅದರಲ್ಲೇ ಎಲ್ಲರೂ ಇರಿ." ಹುಡುಗಿ ಹಾಗೇ ಮಾಡಿದಳು. ಕಿಟಕಿಗೆ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆಗಳು, ಅದರ ಮೇಲೆ ದುಪ್ಪಟಿ. ಬಾಗಿಲ ಸಂದಿಗೆ ಸುತ್ತಿದ ಟವೆಲು. ನೆಲದ ಥಂಡಿ ತಾಗದಂತೆ ಹಾಸಿಗೆಯ ಮೇಲೆ ಹಾಸಿಗೆ. ಕೂಸಿಗೆ ಕುಲಾವಿ, ಎರಡು ಜೊತೆ ಕಾಲುಚೀಲ. ಕುಣಿಗಲ್ಲಿನಿಂದ ಒಯ್ದಿದ್ದ ಕಂಬಳಿಯೊಳಗೆ ಅಪ್ಪ ಅಮ್ಮನ ಮೈಬಿಸಿಯೇ ಒಲೆ. ಮದುವೆಯಲ್ಲಿ ಉಟ್ಟು ಮಡಿಸಿಟ್ಟ ಸೀರೆಗೆ ಅಂಥ ಕೆಲಸ ಸಿಕ್ಕಿದ್ದು ನನಗಂತೂ ಸಂತೋಷವೇ.

ಊಟಕ್ಕೆ ರಾಗಿ ಹುರಿಹಿಟ್ಟು ಇತ್ತು. ಹುರಿದು ಬೀಸಿದ ಹಿಟ್ಟಿಗೆ ಒಲೆ ಬೇಡ. ನೀರು, ಬೆಲ್ಲ ಸಾಕು. ನಮ್ಮಲ್ಲಿ ಕರೆಂಟು ಹೋದರೆ ಹಾಲು ಒಡೆಯುತ್ತದೆಂದು ಒದ್ದಾಡುತ್ತೇವೆ. ಅಲ್ಲಿ ಹಾಲನ್ನು ಬಾಗಿಲ ಹೊರಗಿಟ್ಟರೆ ಕಲ್ಲಾಗುತ್ತಿತ್ತು! ಫೋನಿಗೆ ಚಾರ್ಜ್ ಮಾಡಲು ಅಳಿಯಂದಿರು ಕಾರನ್ನು ಬಯಲಿಗೆ ತಂದು ನಿಲ್ಲಿಸಿ, ದಿನಕ್ಕೆರಡು ಸಲ ಅರ್ಧರ್ಧ ಗಂಟೆ ಚಾಲೂ ಮಾಡುತ್ತಿದ್ದರು. ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟಿದ್ದರು. ತೊಟ್ಟಿಕ್ಕುವ ನಲ್ಲಿ ಕಂಡರೆ ರೇಗುವ ನಮ್ಮಕ್ಕನಿಗೆ ಇದನ್ನು ಒಪ್ಪಿಸಲು ಎರಡು ಫೋನು ಬೇಕಾಯಿತು. ಬುಧವಾರ ನೀರೂ ನಿಂತಿತು. ಕಕ್ಕಸಿಗೆ ಹಿಮ ಕರಗಿಸಿಕೊಂಡರಂತೆ. ಒಂದು ಬಕೆಟ್ ತುಂಬ ಹಿಮ ಕರಗಿದರೆ ಸಿಗುವುದು ಒಂದು ಚೊಂಬು ನೀರು!

ಕರೆಂಟು ಬಂದದ್ದು ಗುರುವಾರ. ಅಮ್ಮ ಮೊದಲು ಕೇಳಿದ್ದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದೆಯಾ ಎಂದು. ನಲ್ಲಿಯ ನೀರನ್ನು ಮುಂದಿನ ವಾರದವರೆಗೂ ಕುದಿಸದೆ ಕುಡಿಯಬಾರದೆಂದು ಅಲ್ಲಿ ಆಜ್ಞೆಯಾಗಿತ್ತು. ಕೂಸಿನ ಸ್ನಾನ ಐದು ದಿನ ತಡವಾಯಿತು. ವಿಷಗಾಳಿ ಬಂದರೆ ಕೂಗುವ ಸಣ್ಣ ಯಂತ್ರವೊಂದನ್ನು ಅಳಿಯಂದಿರು ಆ ತಿಂಗಳೇ ಗೋಡೆಗೆ ಹಾಕಿಸಿದರು. ಅಕ್ಕ ಈಗ ಅಮೆರಿಕಕ್ಕೆ ಹೋಗುವವರ ಕೈಯಲ್ಲೆಲ್ಲ ಒಂದು ಸೇರಿನ ಬದಲು ಎರಡು ಸೇರು ಹುರಿಹಿಟ್ಟು ಕಳಿಸುತ್ತಾಳೆ.