ಅವ್ವನ ಬಲಗೈ, ಕೋರ್ಟಿನ ಲೆಕ್ಕ

ನಮ್ಮವ್ವನ ಬಲಗೈಗೆ ಕಟ್ಟಿದ ಬೆಲೆ 59,400 ರೂಪಾಯಿ. ಈ ಬೆಲೆ ಕಟ್ಟಿದ್ದು ದನದ ಸಂತೆಯಲ್ಲಲ್ಲ, ನ್ಯಾಯಮಂಡಳಿಯಲ್ಲಿ. ನೋವಿಗೆ, ದವಾಖಾನಿ ಚೀಟಿಗಳಿಗೆ ಬೇರೆ ರೊಕ್ಕ ಕೊಟ್ಟರು, ಇಲ್ಲವೆನ್ನುವುದಿಲ್ಲ. ಆದರೆ ಇನ್ನು ಮುಂದೆ ಆ ಕೈ ದುಡಿಯುವುದಿಲ್ಲ ಅನ್ನುವುದಕ್ಕೆ ಕೊಟ್ಟದ್ದು ಇಷ್ಟೆ.

2009ರ ಹಿಂಗಾರಿ ಸುಗ್ಗಿ. ಜನವಾಡದ ಕಡೆ ಜೋಳ ಕೊಯ್ಯಲು ಹೋಗಿದ್ದ ಅವ್ವ ತಲೆ ಮೇಲೆ ಕಣಕಿ ಹೊರೆ ಹೊತ್ತು ಬೀದರ–ಔರಾದ ರಸ್ತೆಯ ಅಂಚು ಹಿಡಿದು ಬರುತ್ತಿದ್ದಳು. ಹಿಂದಿನಿಂದ ಬಂದ ಜೀಪು ಹೊಡೆಯಿತು. ಮೊಣಕೈ ಪುಡಿಯಾಯಿತು. ಒಳಗೆ ಸರಳು ಹಾಕಿದರು. ಕೈ ಉಳಿಯಿತು, ಮಡಚುವುದು ನಿಂತಿತು. ಕುಡುಗೋಲು ಹಿಡಿದರೆ ಜಾರಿ ಬೀಳುತ್ತಿತ್ತು. ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯಲು ಹೋಗಿ, ಹಿಟ್ಟಿನ ಮೇಲೆ ಕೈ ಇಟ್ಟುಕೊಂಡೇ ಅತ್ತದ್ದನ್ನು ನಾನು ಕಂಡಿದ್ದೇನೆ. ಆಗ ನಾನು ಪಿಯುಸಿ ಓದುತ್ತಿದ್ದೆ.

1988ರ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಡಿ ಅರ್ಜಿ ಹಾಕಿದೆವು. ಮೂರು ವರ್ಷ ತಾರೀಖಿನ ಮೇಲೆ ತಾರೀಖು. ಅವ್ವ ಪ್ರತಿ ತಾರೀಖಿಗೂ ಒಗೆದ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಆ ರೊಟ್ಟಿ ನೆರೆಮನೆ ಚಿಗವ್ವ ಬಡಿದು ಕೊಟ್ಟದ್ದು.

ಗೆಳೆಯರೆ, ಕೋರ್ಟಿನ ಲೆಕ್ಕ ಬಹಳ ಸರಳ. ತಿಂಗಳ ಆದಾಯವನ್ನು 12ರಿಂದ ಗುಣಿಸು. ವಯಸ್ಸಿಗೆ ತಕ್ಕ ಒಂದು ಗುಣಕ ಅದೆ, ಅದರಿಂದ ಗುಣಿಸು. ಬಂದದ್ದರಲ್ಲಿ ಶರೀರದ ಊನ ನೂರಕ್ಕೆ ಎಷ್ಟೋ ಅಷ್ಟು ತೆಗೆ. ನಮ್ಮವ್ವನದು ಹೀಗಾಯಿತು: ತಿಂಗಳಿಗೆ 3,000, ಗುಣಕ 11, ಊನ ನೂರಕ್ಕೆ 15. ಗುಣಿಸಿ ನೋಡಿ, 59,400 ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಮೂರು ಅಂಕಿಗಳ ಹೊಟ್ಟೆಯೊಳಗೆ. ಒಂದೊಂದಾಗಿ ಬಿಚ್ಚುತ್ತೇನೆ.

ಮೊದಲನೆಯದು ಆದಾಯ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು.

‘ಏ ಬಾಯಿ, ನೀ ಕೂಲಿ ಮಾಡ್ತಿದ್ದಿ ಅನ್ಲಿಕ್ಕೆ ರಸೀದಿ ಏನರ ಅದೇನು?’

‘ರಸೀದಿ ಯಾರ ಕೊಡ್ತಾರ್ರೀ ಸಾಹೇಬ್ರ? ನಮ್ಮ ಕೈ ತಾಕ್ತದಂತ ರೊಕ್ಕನ ಮ್ಯಾಲಿಂದ ಒಗೀತಾರ. ಕಾಗದ ಹ್ಯಾಂಗ ಕೊಟ್ಟಾರ?’

ಕೋರ್ಟಿನಲ್ಲಿ ಯಾರೋ ನಕ್ಕರು. ಟೈಪಿಸ್ಟರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸಾಕ್ಷಿ ಹೇಳಿಕೆಯಲ್ಲಿ ಬಂದದ್ದು ಒಂದೇ ಸಾಲು: ‘ಆದಾಯಕ್ಕೆ ದಾಖಲೆ ಇಲ್ಲವೆಂಬುದು ನಿಜ.’

ಕೂಲಿ ಕೊಟ್ಟ ಗೌಡರನ್ನು ಸಾಕ್ಷಿಗೆ ಕರೆದೆವು. ಬರಲಿಲ್ಲ. ನಮ್ಮ ಮೇಲೆ ಸಿಟ್ಟಿತ್ತೆಂದಲ್ಲ. ಗಂಡಾಳಿಗೆ 150, ಹೆಣ್ಣಾಳಿಗೆ 100 ಎಂದು ಕಟಕಟೆಯಲ್ಲಿ ನಿಂತು ಹೇಳಿದರೆ ಕೂಲಿ ಕಾಯಿದೆ ಎದ್ದು ಕೂರುತ್ತದೆಂಬ ಭಯ. ನಮ್ಮಲ್ಲಿ ಇದ್ದ ಒಂದೇ ಕಾಗದ ಉದ್ಯೋಗ ಖಾತ್ರಿಯ ಜಾಬ್ ಕಾರ್ಡು. 2006ರಲ್ಲಿ ಆ ಯೋಜನೆ ಮೊದಲ ಹಂತದಲ್ಲೇ ನಮ್ಮ ಬೀದರ ಜಿಲ್ಲೆಗೆ ಬಂದಿತ್ತು. ಅವ್ವನ ಹೆಸರು, ದುಡಿದ ದಿನ, ಪಡೆದ ಕೂಲಿ ಎಲ್ಲ ಬರೆದ ಕಾಗದ ಅದೊಂದೇ. ವಕೀಲರು ಅದನ್ನೇ ತಿರುಗಿಸಿದರು: ‘ಅಂದರ ವರ್ಷಕ್ಕ ನಲವತ್ತು ದಿನಾನೇ ದುಡದಿ!’

ಕೊನೆಗೆ ಮಂಡಳಿ 3,000 ಎಂದು ಅಂದಾಜು ಮಾಡಿತು. ಇಲ್ಲಿಯೇ ನನ್ನ ಪ್ರಶ್ನೆ ಇರುವುದು. ಕಳೆದುಕೊಂಡದ್ದನ್ನು ತುಂಬಿಕೊಡಬೇಕು, ಅದು ಪರಿಹಾರದ ಧರ್ಮ. ಕಳೆದದ್ದು ಅರೆಕೂಲಿಯಾದರೆ ತುಂಬಿಕೊಡುವುದೂ ಅರೆಕೂಲಿಯೇ. ತಿಂಗಳಿಗೆ 30,000 ಪಗಾರದ ಸಾಹೇಬರ ಮೊಣಕೈಯನ್ನೂ ಇದೇ ತಕ್ಕಡಿಯಲ್ಲಿಟ್ಟರೆ ಹತ್ತು ಪಟ್ಟು ತೂಗುತ್ತದೆ. ಎಲುಬು ಅದೇ, ನೋವು ಅದೇ. ಹೊಲದಲ್ಲಿ ಜಾತಿ ನೋಡಿ, ಹೆಣ್ಣೆಂದು ನೋಡಿ ಕಡಿಮೆ ಮಾಡಿದ ಕೂಲಿ, ಜಾತಿಯ ಹೆಸರನ್ನೇ ಎತ್ತದ ಕೋರ್ಟಿನೊಳಗೆ ಹೋಗಿ ಕಾನೂನಿನ ಅಂಕಿಯಾಗಿ ಹೊರಬರುತ್ತದೆ.

ಇನ್ನು ಅವ್ವ ಮನೆಯಲ್ಲಿ ಮಾಡುತ್ತಿದ್ದ ಕೆಲಸ? ನೀರು, ಸೌದೆ, ರೊಟ್ಟಿ, ಎಮ್ಮೆಯ ಸಗಣಿ? ಅದಕ್ಕೆ ಸೊನ್ನೆ. ಗೃಹಿಣಿಯರ ದುಡಿಮೆಗೆ ತಿಂಗಳಿಗೆ 3,000 ಹಿಡಿಯಬೇಕೆಂದು ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಆದರೆ ಹೊಲದಲ್ಲೂ ಮನೆಯಲ್ಲೂ ಎರಡು ಪಾಳಿ ದುಡಿಯುವ ಹೆಂಗಸಿಗೆ ಎರಡೂ ಸೇರಿಸಿ ಕೊಡಿ ಎಂದು ಕೇಳುವುದು ನಮ್ಮ ವಕೀಲರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡನೆಯದು ವಯಸ್ಸು. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು ಗುಣಕದ ಪಟ್ಟಿ ಕೊಟ್ಟಿತು. 36ರಿಂದ 40ರವರಿಗೆ 15. 51ರಿಂದ 55ರವರಿಗೆ 11. ಅವ್ವ 1972ರ ಬರಗಾಲದಲ್ಲಿ ಎದೆಹಾಲು ಕುಡಿಯುವ ಕೂಸು. ಹಾಲು ಬತ್ತಿ ಹೋಗಿ ಕೂಸಿಗೆ ಗಂಜಿ ತಿಳಿ ಕುಡಿಸಿದ ಕಥೆಯನ್ನು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಅಂದರೆ ಅಪಘಾತದಲ್ಲಿ ಅವ್ವನಿಗೆ 40 ತುಂಬಿರಲಿಲ್ಲ. ಆದರೆ ಮತದಾರರ ಚೀಟಿಯಲ್ಲಿ 51. ಶಾಲೆಯ ಮೆಟ್ಟಿಲು ತುಳಿಯದವಳಿಗೆ ಬೇರೆ ದಾಖಲೆ ಎಲ್ಲಿಂದ ಬರಬೇಕು? ಬಿಸಿಲಿಗೆ ಬಾಡಿದ ಮುಖ ನೋಡಿ, ಕಟ್ಟೆ ಮೇಲೆ ಕೂತೇ ಅಂದಾಜಿನ ವಯಸ್ಸು ಬರೆದುಕೊಂಡು ಹೋದವರು ಒಬ್ಬರು ಮಾಸ್ತರು. ನಮ್ಮ ಓಣಿಯೊಳಕ್ಕೆ ಅವರು ಬರಲಿಲ್ಲ. ಈಗ ನಾನೂ ಮಾಸ್ತರನೇ. ಆದ್ದರಿಂದ ಈ ಮಾತನ್ನು ನನಗೂ ಸೇರಿಸಿ ಹೇಳುತ್ತಿದ್ದೇನೆ.

ಮೂರನೆಯದು ಊನ. ಡಾಕ್ಟರು ಬಲಗೈಗೆ ನೂರಕ್ಕೆ 45 ಊನ ಎಂದು ಬರೆದರು. ಮಂಡಳಿ ಅದರ ಮೂರನೇ ಒಂದು ಭಾಗ ತೆಗೆದುಕೊಂಡಿತು. ಕೈ ಇಡೀ ಶರೀರವಲ್ಲ, ಆದ್ದರಿಂದ ಇಡೀ ಶರೀರಕ್ಕೆ 15. ಇದು ನಮ್ಮ ಕಡೆ ರೂಢಿಯಾಗಿ ಬಂದ ಲೆಕ್ಕ. ಕೂಲಿಯವಳಿಗೆ ಕೈ ಬಿಟ್ಟು ಬೇರೆ ಶರೀರ ಯಾವುದು?

ಈ ಪ್ರಶ್ನೆಗೆ ಉತ್ತರ ಆಗಲೇ ಬಂದಿತ್ತು. ರಾಜಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಶರೀರದ ಊನ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಅದೇ ಕೈ ಹೋದ ಡ್ರೈವರನ, ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಆದ್ದರಿಂದ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ಕೇಳಬೇಕು. 2011ರಲ್ಲಿ ನಮ್ಮ ಕರ್ನಾಟಕದ್ದೇ ರಾಮಚಂದ್ರಪ್ಪ ಪ್ರಕರಣ. ಅದರಲ್ಲಿ, 4,500 ದುಡಿಯುತ್ತಿದ್ದೆ ಎಂದ ಕೂಲಿಕಾರನ ಮಾತನ್ನು ಕಾಗದವಿಲ್ಲವೆಂದು 3,000ಕ್ಕೆ ಇಳಿಸಿದ್ದು ಸರಿಯಲ್ಲವೆಂದಿತು. 2004ರಲ್ಲೇ ದಿನಗೂಲಿ 100ರಿಂದ 150 ಇತ್ತೆಂದು ನೆನಪಿಸಿತು.

ಈ ಎರಡು ತೀರ್ಪು ಹಿಡಿದು ಮೇಲಿನ ಕೋರ್ಟಿಗೆ ಹೋದೆವು. 2008ರಲ್ಲಿ ಗುಲ್ಬರ್ಗಕ್ಕೆ ಹೈಕೋರ್ಟಿನ ಪೀಠ ಬಂದಿದ್ದರಿಂದ ಬೆಂಗಳೂರಿನ ದಾರಿ ತಪ್ಪಿತು. 2015ರಲ್ಲಿ ಆದಾಯ 4,500 ಆಯಿತು, ದುಡಿಮೆಯ ನಷ್ಟ ನೂರಕ್ಕೆ 40 ಆಯಿತು. ವಯಸ್ಸು ಮಾತ್ರ ಚೀಟಿಯಲ್ಲಿದ್ದಂತೆ. 59,400 ಹೋಗಿ 2,37,600 ಆಯಿತು. ನಿಜವಾದ ವಯಸ್ಸು ಹಿಡಿದಿದ್ದರೆ 3,24,000 ಆಗಬೇಕಿತ್ತು. ಕಟ್ಟೆ ಮೇಲೆ ಕೂತು ಬರೆದ ಒಂದು ಅಂದಾಜಿಗೆ ನಮ್ಮವ್ವ ಕಟ್ಟಿದ ದಂಡ 86,400 ರೂಪಾಯಿ.

ರೊಕ್ಕ ಬಂತು, ಅರ್ಧ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿತು. ಅರ್ಜಿದಾರಳು ಅನಕ್ಷರಸ್ಥೆ, ಯಾರಾದರೂ ಮೋಸ ಮಾಡಿಯಾರು ಎಂಬ ಕಾಳಜಿ. ಈ ನಿಯಮ ಹಿಂದಿನಿಂದ ನಡೆದು ಬಂದಿದೆ. ಕಾಳಜಿ ಸುಳ್ಳೆನ್ನಲಾರೆ, ಪರಿಹಾರದ ರೊಕ್ಕ ದಲ್ಲಾಳಿಗಳ ಕಿಸೆ ಸೇರಿದ್ದನ್ನು ನಾನೂ ಕಂಡಿದ್ದೇನೆ. ಆಸ್ತಿ, ಸಾಮಾನು ಕೊಳ್ಳಲು ಬೇಕೆಂದು ಕೇಳಿದರೆ ಬಿಡಿಸಿಕೊಡಲು ಅದೇ ನಿಯಮದಲ್ಲಿ ಅವಕಾಶವೂ ಇದೆ. ಅದನ್ನು ನಮಗೆ ಹೇಳಿದವರಿಲ್ಲ. ಅವ್ವ ಒಂದು ಎಮ್ಮೆ ತರಬೇಕೆಂದಿದ್ದಳು. ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಕೇಳಿದಳು:

‘ಮಗಾ, ನನ ಕೈ ಮುರದಿದ್ದಕ್ಕ ಬಂದ ರೊಕ್ಕ ನನ ಕೈಗಿ ಯಾಕ ಕೊಡಂಗಿಲ್ಲ?’

ನಾನು ಓದಿದವನು. ಉತ್ತರ ಬರಲಿಲ್ಲ.

ಸಿಟ್ಟು ಬೇಕು, ಅದರ ಜೊತೆ ಕಾಗದವೂ ಬೇಕು. ಓಣಿಯಲ್ಲಿ ಕೆಲಸ ಮಾಡುವ ಗೆಳೆಯರು ಇಷ್ಟು ನೆನಪಿಡಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ 6 ತಿಂಗಳ ಗಡುವು ಹಾಕಿದೆ. ದುಃಖ ಆರಲಿ ಎಂದು ಕಾಯಬೇಡಿ. ಅದೇ ತಿದ್ದುಪಡಿಯ 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾಯಿದೆಯಂತೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಡಾಕ್ಟರ ಚೀಟಿಯಲ್ಲಿ ‘ಕೈಗೆ ಇಷ್ಟು’ ಎಂದಷ್ಟೇ ಇದ್ದರೆ ಸಾಲದು; ಈ ಕೈಯಿಂದ ಕುಡುಗೋಲು ಹಿಡಿಯಲಾದೀತೆ, ಹೊರೆ ಎತ್ತಲಾದೀತೆ ಎಂದು ಸಾಕ್ಷಿಯಲ್ಲಿ ಡಾಕ್ಟರ ಬಾಯಿಂದಲೇ ಹೇಳಿಸಬೇಕು. ದಿನಗೂಲಿಯ ಜೊತೆ ಮನೆಯ ದುಡಿಮೆಯನ್ನೂ ಅರ್ಜಿಯಲ್ಲಿ ಬರೆಯಿಸಬೇಕು.

ಮಾಸ್ತರರೆ, ವಯಸ್ಸು ಬರೆದುಕೊಳ್ಳಲು ಹೋದಾಗ ಕಟ್ಟೆ ಮೇಲೆ ಕೂರಬೇಡಿ. ಓಣಿಯೊಳಗೆ ಬನ್ನಿ. ಯಾವ ಬರದಲ್ಲಿ ಹುಟ್ಟಿದಿ, ಯಾವ ಮಳೆಯಲ್ಲಿ ಹುಟ್ಟಿದಿ ಎಂದು ಕೇಳಿ ಬರೆದುಕೊಳ್ಳಿ.

ಅವ್ವ ಈಗ ಎಡಗೈಯಿಂದ ರೊಟ್ಟಿ ಬಡಿಯಲು ಕಲಿತಿದ್ದಾಳೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆ ರೊಟ್ಟಿ ತಿನ್ನುವಾಗೆಲ್ಲ ನನಗೆ 59,400 ನೆನಪಾಗುತ್ತದೆ.