ಬಣ್ಣ ಹೋದದ್ದೆಲ್ಲಿಗೆ?

2004ರ ಬೇಸಿಗೆ ರಜೆ. ತಿಪಟೂರಿನ ಒಂದು ಮನೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಅಲ್ಲಿಂದ ಹಜಾರದ ಟೀವಿಗೆ ವೈರು ಎಳೆದ. ಅಕ್ಕನ ಮದುವೆಯ ಸಿ.ಡಿ.ಯನ್ನು ಮನೆಮಂದಿಗೆಲ್ಲ ದೊಡ್ಡ ಪರದೆಯಲ್ಲಿ ತೋರಿಸುವ ಹುಮ್ಮಸ್ಸು. ಚಿತ್ರವೇನೋ ಬಂತು, ಆದರೆ ಕಪ್ಪು-ಬಿಳುಪು! ಹಸಿರು ರೇಷ್ಮೆ ಸೀರೆ ಬೂದಿಯಾಗಿತ್ತು. "ಕಂತು ಇನ್ನೂ ತೀರಿಲ್ಲ, ಟೀವಿ ಕೆಡಿಸಿಟ್ಟೆಯಲ್ಲೋ!" ಎಂದು ಅಪ್ಪ ರೇಗಿದರು. ಕಂಪ್ಯೂಟರನ್ನೇ ಮಾರಿಬಿಡುವ ಮಾತೂ ಬಂತು.

ದೂರದರ್ಶನ ಹಾಕಿದರೆ ಬಣ್ಣ ಚೆನ್ನಾಗಿಯೇ ಇತ್ತು. ಕಂಪ್ಯೂಟರಿನ ಮಾನಿಟರಿನಲ್ಲೂ ಕೊರತೆಯಿಲ್ಲ. ಅಂದಮೇಲೆ ದೋಷವಿದ್ದದ್ದು ಎರಡರ ನಡುವೆ. ಇಷ್ಟನ್ನು ಯೋಚಿಸಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟೀವಿಯ ಮಾನಕ ರೂಪುಗೊಂಡಾಗ ಲಕ್ಷಾಂತರ ಮನೆಗಳಲ್ಲಿ ಕಪ್ಪು-ಬಿಳುಪು ಸೆಟ್‌ಗಳಿದ್ದವು. ಅವು ನಿರುಪಯುಕ್ತವಾಗಬಾರದಲ್ಲ? ಎಂಜಿನಿಯರುಗಳು ಬೆಳಕಿನ ಏರಿಳಿತವನ್ನೇ ಮುಖ್ಯ ಸಂಕೇತವಾಗಿ ಉಳಿಸಿಕೊಂಡು, ಬಣ್ಣವನ್ನು ಬೇರೊಂದು ಅಲೆಯ ಮೇಲೆ ಕೂರಿಸಿದರು. ಬಣ್ಣದ ಸೆಟ್ಟಿಗೆ ಆ ಅಲೆಯ ಗುರುತು ಹತ್ತದಿದ್ದರೆ ಅದು ಬಣ್ಣವನ್ನೇ ನಿಲ್ಲಿಸಿ, ಬರೀ ಕಪ್ಪು-ಬಿಳುಪು ತೋರಿಸುತ್ತದೆ. ಈ ಕೆಲಸ ಮಾಡುವ ಮಂಡಲದ ಹೆಸರು 'ಕಲರ್ ಕಿಲ್ಲರ್'. ಹೆಸರು ಭಯಂಕರ, ಕೆಲಸ ಉಪಕಾರದ್ದೇ.

ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಬಣ್ಣದ ಅಲೆಯ ಆವೃತ್ತಿ 3.58 ಮೆಗಾಹರ್ಟ್ಸ್. 1982ರಲ್ಲಿ ಬಣ್ಣದ ಪ್ರಸಾರಕ್ಕೆ ಕಾಲಿಟ್ಟ ಭಾರತ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ 4.43. ಹುಡುಗನ ಕಾರ್ಡ್ ಎನ್‌ಟಿಎಸ್‌ಸಿಗೆ ಹೊಂದಿಸಿಕೊಂಡೇ ಬಂದಿತ್ತು. ಅವನು ಹುಡುಕಿ ಪಾಲ್ ಆರಿಸಿದ. ಬಣ್ಣ ಬರಲಿಲ್ಲ. ಇದಲ್ಲವೆಂದು ಮತ್ತೆ ಎನ್‌ಟಿಎಸ್‌ಸಿಗೇ ತಿರುಗಿಸಿ ವೈರು ಬದಲಾಯಿಸಿದ. ಆಗಲೂ ಇಲ್ಲ. ಹೀಗೇ ಮೂರು ದಿನ.

ಅಲ್ಲಿದ್ದದ್ದು ಒಂದಲ್ಲ, ಎರಡು ದೋಷ. ಕಾರ್ಡಿನ ಗುಂಡನೆಯ ಎಸ್-ವಿಡಿಯೊ ಕಿಂಡಿಯಲ್ಲಿ ಬೆಳಕಿಗೊಂದು, ಬಣ್ಣಕ್ಕೊಂದು ತಂತಿ. ಟೀವಿಯ ಹಳದಿ ಕಿಂಡಿಗೆ ಎರಡೂ ಸೇರಿ ಒಂದೇ. ಪೇಟೆಯಲ್ಲಿ ಕೊಂಡಿದ್ದ ಅಗ್ಗದ ಜೋಡಣೆಯ ಪಿನ್ನಿನಲ್ಲಿ ಬಣ್ಣದ ತಂತಿಯನ್ನು ಸೇರಿಸಿಯೇ ಇರಲಿಲ್ಲ. ಎರಡು ದೋಷಗಳಿದ್ದಾಗ ಒಂದನ್ನು ತಿದ್ದಿದರೆ ಫಲ ಕಾಣುವುದಿಲ್ಲ. ಸರಿಮಾಡಿದ್ದನ್ನೇ ತಪ್ಪೆಂದುಕೊಂಡು ಮತ್ತೆ ಕೆಡಿಸುತ್ತೇವೆ. ಪ್ರಯೋಗಶಾಲೆಯಲ್ಲೂ ಮಕ್ಕಳು ಸೋಲುವುದು ಬಹಳಷ್ಟು ಸಲ ಹೀಗೆಯೇ.

ಕೊನೆಗೆ ಟೀವಿ ರಿಪೇರಿಯವರು ಬಂದರು. "ಪಾಲ್‌ನಲ್ಲೇ ಇರಲಿ ಬಿಡಪ್ಪ" ಎಂದು, ಪಿನ್ನು ಬಿಚ್ಚಿ, ಎರಡು ತಂತಿಗಳ ನಡುವೆ 470 ಪಿಕೊಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಬೆಸೆದರು. ಹೆಚ್ಚು ಆವೃತ್ತಿಯ ಬಣ್ಣದ ಅಲೆ ಅದರ ಮೂಲಕ ಸುಲಭವಾಗಿ ದಾಟಿತು. ಕೆಪಾಸಿಟರಿನ ಈ ಗುಣ ಹುಡುಗನ ಪಠ್ಯಪುಸ್ತಕದಲ್ಲೇ ಇತ್ತೆನ್ನಿ! ಸೀರೆ ಹಸಿರಾಯಿತು. ಅಪ್ಪ ಕಾಫಿ ತರಿಸಿದರು. ಮಗನಿಗೂ ಒಂದು ಲೋಟ.

ಈಗ ಎಚ್‌ಡಿಎಂಐ ಕೇಬಲ್ಲಿನ ಕಾಲ, ಪಾಲ್ ಗೊಡವೆಯಿಲ್ಲ. ಆದರೆ ಬಣ್ಣದಲ್ಲಿ ಟೀವಿ ಮಾಡುವ ಮಿತವ್ಯಯ ಉಳಿದಿದೆ. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮವನ್ನು ಹಿಡಿದಷ್ಟು ಬಣ್ಣದ ಸೂಕ್ಷ್ಮವನ್ನು ಹಿಡಿಯದು. ಆದ್ದರಿಂದ ಎಷ್ಟೋ ಸಲ ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣದ ಲೆಕ್ಕ. ಸಿನಿಮಾಕ್ಕೆ ಇದು ಸಾಕು. ನೀಲಿಯ ಮೇಲಿನ ಸಣ್ಣ ಕೆಂಪು ಅಕ್ಷರಗಳು ಮಾತ್ರ ಕಲಸಿಹೋಗುತ್ತವೆ. ಮಕ್ಕಳು ಟೀವಿಯಲ್ಲಿ ಪಾಠ ಓದುವುದಾದರೆ ಆ ಕಿಂಡಿಗೆ 'ಪಿಸಿ' ಎಂಬ ಹೆಸರು ಕೊಟ್ಟು ನೋಡಿ. ಹಲವು ಸೆಟ್‌ಗಳಲ್ಲಿ ಪೂರ್ಣ ಬಣ್ಣ ಬರುತ್ತದೆ. ಕಪ್ಪು ಮಾಸಿದಂತೆ ಕಂಡರೆ, ಕಾರ್ಡ್ 16ರಿಂದ 235ರವರೆಗಷ್ಟೇ ಕಳಿಸುತ್ತಿದ್ದು, ಟೀವಿ 0ಯಿಂದ 255ರ ನಿರೀಕ್ಷೆಯಲ್ಲಿರಬಹುದು. ಎರಡೂ ಕಡೆ ಒಂದೇ ಆಯ್ಕೆ ಇರಿಸಿ.